ಗೋಪುರದ ಗೋಡೆಗೆ ಮೂರು ಗಾಜು

ಎಲ್ಡರ್‌ಥಾರ್ಪ್
19 ಅಕ್ಟೋಬರ್ 1958

ಪ್ರೀತಿಯ ಆಂಬ್ರೋಸ್,

ಈ ಕಾಗದವನ್ನು ಕೂತು ಓದು. ನಮ್ಮ ಚರ್ಚಿನ ಶಿಖರವನ್ನು ಕೆಳಗಿಳಿಸಬೇಕಂತೆ.

ಕಟ್ಟಡ ನೋಡಲು ಬಿಷಪ್ಪರ ಕಡೆಯಿಂದ ಪ್ರೂವೆಟ್ ಎಂಬ ವಾಸ್ತುಶಿಲ್ಪಿ ಬಂದಿದ್ದರು. ಗೋಪುರದ ಉತ್ತರದ ಗೋಡೆಯಲ್ಲಿ, ಒಳಮೈಗೆ, ಗಂಟೆಮನೆಯಿಂದ ಕೆಳಕ್ಕೆ ಒಂದು ಬಿರುಕು ಇಳಿದಿದೆ. ನನ್ನ ಕಿರುಬೆರಳು ಹೋಗುತ್ತದೆ. ಆತ ತೂಗುಗುಂಡು ಬಿಟ್ಟು ನೋಡಿ, ಮೂಗಿನ ಮೇಲೆ ಕನ್ನಡಕ ಏರಿಸಿ, "ಶಿಖರ ತೆಗೆದು ಮೇಲೊಂದು ಗಿಡ್ಡ ಛಾವಣಿ ಹಾಕೋದೇ ಕ್ಷೇಮ ಕಣಮ್ಮ" ಅಂದರು. ನನಗೆ ಮೈ ಉರಿದುಹೋಯಿತು.

"ಸ್ವಾಮಿ, ಗೋಪುರ ಏಳುನೂರು ವರ್ಷದಿಂದ ನಿಂತಿದೆ. ನೀವು ಬಂದು ಅರ್ಧ ಗಂಟೆ ಆಯ್ತು" ಅಂದೆ.

ಪಾದ್ರಿ ಆನ್‌ಸ್ಟಿ ಕೆಮ್ಮಿದರು. ಪ್ರೂವೆಟ್ ಮಾತ್ರ ಸಿಟ್ಟಾಗಲಿಲ್ಲ. "ಸರಿ, ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ. ಒಂದು ವರ್ಷ ಒಂದೂ ಒಡೀಲಿಲ್ಲ ಅಂದ್ರೆ ಗೋಡೆ ಅಲ್ಲಾಡ್ತಿಲ್ಲ ಅಂತ ಅರ್ಥ. ಒಂದು ಒಡೆದ್ರೂ ಶಿಖರ ಇಳಿಸೋದೇ" ಅಂದರು. ಅಲ್ಲಿಯವರೆಗೆ ಗಂಟೆ ಬಾರಿಸುವಂತಿಲ್ಲ. ಈ ಚರ್ಚಿನ ಮೇಲ್ವಿಚಾರಣೆಗೆ ಊರು ಆರಿಸಿದ ಮೊದಲ ಹೆಂಗಸು ನಾನು. ನನ್ನ ಕಾಲದಲ್ಲೇ ಶಿಖರ ಹೋಯಿತು ಅನ್ನಿಸಿಕೊಂಡು ನಾನು ಸಾಯುವುದಿಲ್ಲ. ಬರೆದಿಟ್ಟುಕೋ.

ಗಾಜು ಅಂಟಿಸುವುದು ಹೇಗೆ ಎಂದು ತಿಳಿಸು. ಬೂಟಿನ ಚರ್ಮ ಹೊಲಿಯುವುದು ಗೊತ್ತು, ಗೋಡೆಗೆ ಗಾಜು ಹಚ್ಚುವುದು ನನಗೇನು ಗೊತ್ತು? ನೀನೇ ಬಂದು ನೋಡಿದರೆ ಇನ್ನೂ ಒಳ್ಳೆಯದು. ಅಪ್ಪನ ಜೊತೆ ಆ ಗೋಪುರದ ಕಲ್ಲುಕಲ್ಲನ್ನೂ ತಡವಿದವನು ನೀನು.

ನಿನ್ನ ಅಕ್ಕ
ಡಾರ್ಕಸ್

*

ಡರಮ್
27 ಅಕ್ಟೋಬರ್ 1958

ಪ್ರೀತಿಯ ಅಕ್ಕ,

ಎದೆಗುಂದಬೇಡ. ಆ ಗೋಪುರ ಅಷ್ಟು ಸುಲಭಕ್ಕೆ ಬೀಳುವಂಥದ್ದಲ್ಲ. ಕಟ್ಟಿದವರು ಅವಸರದವರಲ್ಲ. ವರ್ಷಕ್ಕೆ ಎರಡಾಳೆತ್ತರ ಏರಿಸಿ, ಚಳಿಗಾಲಕ್ಕೆ ಗೋಡೆಯ ತಲೆಗೆ ಹುಲ್ಲು, ಸಗಣಿ ಹೊದಿಸಿ, ಗಾರೆ ಗಟ್ಟಿಯಾಗಲಿ ಎಂದು ಮನೆಗೆ ಹೋಗುತ್ತಿದ್ದರು. ಗೋಡೆಯೆಂದರೆ ಎರಡು ಕಲ್ಲಿನ ಸಿಪ್ಪೆ, ನಡುವೆ ಜಲ್ಲಿ. ಆ ಎರಡನ್ನೂ ಹಿಡಿದಿಡಲು ನಾಲ್ಕಡಿಗೊಂದು ಉದ್ದ ಕಲ್ಲನ್ನು ಒಳಮೈಯಿಂದ ಹೊರಮೈಗೆ ಹಾಯಿಸಿದ್ದಾರೆ. ನಾವು ಅದಕ್ಕೆ ಹಿಡಿಗಲ್ಲು ಅನ್ನುತ್ತೇವೆ. ಅವು ಇರುವ ತನಕ ಗೋಡೆ ಇರುತ್ತದೆ. ಶಿಖರ ಕಟ್ಟಿದ್ದು ನೂರು ವರ್ಷದ ಮೇಲೆ, ಬೇರೆಯವರು. ಭಾರ ಹೆಚ್ಚಾದೀತೆಂದು ಅಂಗೈ ಅಗಲದ ಕಲ್ಲಿನಲ್ಲಿ ಎತ್ತಿದ್ದಾರೆ. ಒಳಗೆ ನಿಂತು ಮೇಲೆ ನೋಡಿದರೆ ಈಗಲೂ ನನಗೆ ತಲೆ ತಿರುಗುತ್ತದೆ.

ಗಾಜಿನ ವಿಷಯ. ತೆಳ್ಳನೆಯದು ತೆಗೆದುಕೋ, ಗೇಣುದ್ದ ಸಾಕು. ಕಲ್ಲನ್ನು ಉಜ್ಜಿ, ಎರಡು ತುದಿಗೆ ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚು. ನಡುವೆ ಬಿರುಕಿನ ಮೇಲೆ ಗಾಜು ಬರಿದಾಗಿರಲಿ. ಮೇಲೊಂದು, ನಡುವೊಂದು, ಕೆಳಗೊಂದು, ಒಟ್ಟು ಮೂರು. ತಾರೀಖು ಬರೆ. ಆಮೇಲೆ ಮುಟ್ಟಬೇಡ.

ಬಿರುಕು ಗೋಡೆಯ ನಡುವಿಗಿದೆಯೋ, ಚರ್ಚು ಬೆಚ್ಚಗಿಡುವ ಒಲೆಯ ಹೊಗೆಕೊಳವೆಯ ಹತ್ತಿರವೋ? ನೆಲದಿಂದ ಎಷ್ಟು ಎತ್ತರಕ್ಕೆ ಶುರುವಾಗುತ್ತದೆ? ತಿಳಿಸು.

ಬರಲಾಗುವುದಿಲ್ಲ. ಇಲ್ಲಿ ಕೆಲಸ ಕುತ್ತಿಗೆಯವರೆಗೆ ಇದೆ.

ಆಂಬ್ರೋಸ್

*

ಎಲ್ಡರ್‌ಥಾರ್ಪ್
6 ಜನವರಿ 1959

ಪ್ರೀತಿಯ ಆಂಬ್ರೋಸ್,

ಹೊಸ ವರ್ಷ ಚೆನ್ನಾಗಿರಲಿ. ಗಾಜು ನವೆಂಬರಿನ ಮೊದಲ ವಾರವೇ ಅಂಟಿಸಿದೆ. ಹಾಬ್‌ಡೇ ಏಣಿ ಹಿಡಿದುಕೊಂಡ. ಅರವತ್ತೆಂಟರ ಮುದುಕ, ಗೋರಿ ತೋಡುವವನು, ಒಲೆ ಹಚ್ಚುವವನು, ಗಡಿಯಾರಕ್ಕೆ ಕೀಲಿ ಕೊಡುವವನು ಎಲ್ಲಾ ಅವನೇ. ಕೆಳಗಿನಿಂದ "ಡಾರ್ಕಸಮ್ಮ, ನೀವು ಬಿದ್ರೆ ಗುಂಡಿ ತೋಡೋನೂ ನಾನೇ. ಈ ಚಳೀಲಿ ನೆಲ ಕಲ್ಲಾಗದೆ, ಸ್ವಲ್ಪ ನೋಡ್ಕೊಂಡು" ಅನ್ನುತ್ತಿದ್ದ.

ಮೂರೂ ಗಾಜು ಭದ್ರವಾಗಿವೆ. ಬೂಟಿನ ಕಾರ್ಖಾನೆಗೆ ಹೋಗುವ ಮುಂಚೆ ಪ್ರತಿದಿನ ಬೆಳಗ್ಗೆ ಬಾಗಿಲು ತೆಗೆದು ನೋಡಿಯೇ ಹೋಗುತ್ತೇನೆ. ಚರ್ಚಿನ ಬೀಗದಕೈ ನನ್ನ ಸೊಂಟದಲ್ಲೇ ಇದೆ.

ಬಿರುಕು ಹೊಗೆಕೊಳವೆಯ ಪಕ್ಕಕ್ಕಿದೆ, ಒಂದು ಮೊಳ ಆಚೆ. ಒಲೆಗಿಂತ ಸ್ವಲ್ಪ ಮೇಲೆ ಶುರು. ಯಾಕೆ ಕೇಳಿದೆ?

ಗಂಟೆಯಿಲ್ಲದ ಕ್ರಿಸ್ಮಸ್ ಬಿಕೋ ಎನ್ನುತ್ತಿತ್ತು. ನೀನು ಬರುವುದಿಲ್ಲವೆಂದು ಗೊತ್ತೇ ಇತ್ತು ಬಿಡು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಸಂಜೆ ರೈಲಿಗೇ ಹೊರಟವನು ನೀನು. ದೊಡ್ಡ ಕೆಥೆಡ್ರಲ್ಲಿನ ಮುಖ್ಯ ಕಲ್ಲುಕುಟಿಗನಿಗೆ ಐದೇ ಗಂಟೆ ತೂಗುವ ನಮ್ಮ ಚರ್ಚು ಕಣ್ಣಿಗೆ ಹತ್ತುತ್ತದೆಯೇ?

ಡಾರ್ಕಸ್

*

ಡರಮ್
20 ಜನವರಿ 1959

ಪ್ರೀತಿಯ ಅಕ್ಕ,

ಗಾಜು ಒಡೆಯಲಿಲ್ಲವೆಂದು ಓದಿ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಕಾಗದವನ್ನು ಎರಡು ಸಲ ಓದಿದೆ.

ಒಲೆಯನ್ನು ಸ್ವಲ್ಪ ಕಡಿಮೆ ಉರಿಸಿ. ಕಲ್ಲಿದ್ದಲು ಉಳಿಯುತ್ತದೆ.

ನೀನು ಬೈದದ್ದಕ್ಕೆ ಬೇಸರವಿಲ್ಲ.

ಆಂಬ್ರೋಸ್

*

ಎಲ್ಡರ್‌ಥಾರ್ಪ್
2 ಏಪ್ರಿಲ್ 1959

ಪ್ರೀತಿಯ ಆಂಬ್ರೋಸ್,

ಈಸ್ಟರಿಗೆ ನೂರಾ ಹತ್ತು ಜನ ಬಂದಿದ್ದರು! ಗಾಯಕರ ಮಕ್ಕಳು ಗೋಪುರದ ಬಾಗಿಲಿನಿಂದಲೇ ಸಾಲಾಗಿ ಒಳಗೆ ಬಂದರು. ಹಳೆಯ ದುಂಡು ಕಂಬಗಳಿಗೆಲ್ಲ ಹಳದಿ ಹೂ ಕಟ್ಟಿದ್ದೆವು. ಉತ್ತರದ ಸಾಲಿನ ಕಂಬಗಳ ತಲೆಯಲ್ಲಿ ಎಲೆ ಕೆತ್ತಲು ಬಿಟ್ಟ ಬೋಳು ಕಲ್ಲುಗಳಿವೆಯಲ್ಲ, ಪ್ಲೇಗಿನ ವರ್ಷ ಕೆತ್ತುವವರೇ ಸತ್ತು ಹಾಗೇ ನಿಂತದ್ದು, ಅದರ ಕಥೆಯನ್ನು ಪಾದ್ರಿ ಆನ್‌ಸ್ಟಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು.

ಒಲೆ ಕಡಿಮೆ ಉರಿಸು ಎಂದೆಯಲ್ಲ, ಚೆನ್ನಾಗಿ ಹೇಳಿದೆ. ಶನಿವಾರ ಮಧ್ಯಾಹ್ನವೇ ಹಾಬ್‌ಡೇ ಬಾಯಿ ತುಂಬ ಕಲ್ಲಿದ್ದಲು ಹಾಕಿ ಹಚ್ಚದಿದ್ದರೆ ಭಾನುವಾರ ಯಾರೂ ಬರುವುದಿಲ್ಲ. ಮೆಥಡಿಸ್ಟ್ ಪಂಗಡದವರ ಪ್ರಾರ್ಥನಾಮಂದಿರದಲ್ಲಿ ಬೆಂಚಿನ ಕೆಳಗೆಲ್ಲ ಬಿಸಿನೀರಿನ ಕೊಳವೆ ಹಾಕಿಸಿದ್ದಾರೆ. ನಮ್ಮವರ ಭಕ್ತಿ ಎಷ್ಟೆಂದು ನಿನಗೆ ಗೊತ್ತೇ ಇದೆ. ಕಾಲು ತಣ್ಣಗಾದರೆ ಆ ಕಡೆ ಓಡುತ್ತಾರೆ.

ಗಾಜಿನ ಚಿಂತೆ ಬಿಡು. ಮೂರೂ ಇವತ್ತು ತಂದ ಹಾಗೆ ಫಳಫಳ ಹೊಳೆಯುತ್ತಿವೆ.

ಡಾರ್ಕಸ್

*

ಡರಮ್
10 ಏಪ್ರಿಲ್ 1959

ಅಕ್ಕ,

ಗೋಪುರದೊಳಗೆ ಕಾಗೆಗೂಡಿನ ಕಸ, ಬಾವಲಿ ಹಿಕ್ಕೆ, ಒಲೆಯ ಮಸಿ, ಜೇಡರಬಲೆ. ಅಲ್ಲಿ ಐದು ತಿಂಗಳು ಕೂತ ಗಾಜು ಹೊಳೆಯುವುದಿಲ್ಲ. ಮೂವತ್ತು ವರ್ಷದಿಂದ ಗಾಜು ಅಂಟಿಸುತ್ತಿದ್ದೇನೆ, ಒಂದೂ ಹೊಳೆದದ್ದಿಲ್ಲ.

ಎಷ್ಟು ಬದಲಾಯಿಸಿದೆ?

ಆಂಬ್ರೋಸ್

*

ಎಲ್ಡರ್‌ಥಾರ್ಪ್
24 ಮೇ 1959

ಆಂಬ್ರೋಸ್,

ಆರು ವಾರ ನಿನಗೆ ಬರೆಯಲಿಲ್ಲ. ಎರಡು ಸಲ ಬರೆದೆ, ಎರಡು ಸಲವೂ ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ನಿನ್ನನ್ನು ಬೈದಿದ್ದೆ, ಎರಡನೆಯದರಲ್ಲಿ ಗಾಜು ಒರೆಸಿದೆ ಎಂದು ಸುಳ್ಳು ಬರೆದಿದ್ದೆ.

ಐದು. ಐದು ಬದಲಾಯಿಸಿದ್ದೇನೆ. ಒಡೆದದ್ದು ಯಾವುದನ್ನೂ ಎಸೆದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಹೊಲಿಗೆ ತಪ್ಪಿದ ಚರ್ಮವನ್ನು ಎಸೆಯುವ ಹಾಗಿಲ್ಲ, ಚೀಟಿ ಕಟ್ಟಿ ತಾರೀಖು ಹಾಕಿ ಇಡಬೇಕು. ಮೂವತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮಾಡಿತು. ಅಂಗಿ ಗುಂಡಿ ಹಾಕಿಡುವ ಡಬ್ಬಿಯಲ್ಲಿ ಐದೂ ಇವೆ: 30 ನವೆಂಬರ್, 4 ಜನವರಿ, 1 ಫೆಬ್ರವರಿ, 22 ಫೆಬ್ರವರಿ, 15 ಮಾರ್ಚ್. ಪ್ರತಿ ಸಲವೂ ನಡುವಿನದು. ಮಾರ್ಚಿನಿಂದೀಚೆಗೆ ಒಂದೂ ಒಡೆದಿಲ್ಲ, ಅದು ನಿಜ.

ಮೊದಲನೆಯದು ಒಡೆದಾಗ, ಒಂದೇ ಅಲ್ಲವೇ, ನಾನೇ ಸರಿಯಾಗಿ ಅಂಟಿಸಿರಲಿಕ್ಕಿಲ್ಲ ಅಂದುಕೊಂಡೆ. ಎರಡನೆಯದಕ್ಕೆ ಹಾಗೆ ಅಂದುಕೊಳ್ಳಲು ಆಗಲಿಲ್ಲ, ಆದರೂ ಬದಲಾಯಿಸಿದೆ. ಮೂರು ಊರಾಚೆಯ ಬೆಟ್ಟದಿಂದಲೂ ಶಿಖರ ಕಾಣುತ್ತದೆ ಆಂಬ್ರೋಸ್. ಕಾರ್ಖಾನೆಯ ಬಸ್ಸಿನಲ್ಲಿ ವಾಪಸು ಬರುವಾಗ ಅದು ಕಂಡರೆ ಮನೆ ಬಂತು ಅನ್ನಿಸುತ್ತದೆ. ಅದಿಲ್ಲದ ಆಕಾಶ ನನಗೆ ಬೇಡ.

ಆದರೆ ಈಸ್ಟರಿನ ದಿನ ಆ ಮಕ್ಕಳು ಬಿರುಕಿನ ಕೆಳಗೆ ಹಾಡುತ್ತ ಬಂದಾಗ ನಾನು ನಡುವಿನ ಗಾಜನ್ನೇ ನೋಡುತ್ತ ನಿಂತಿದ್ದೆ. ಹಾಡಿನ ಒಂದು ಸಾಲೂ ಕಿವಿಗೆ ಬೀಳಲಿಲ್ಲ. ನನ್ನ ಸುಳ್ಳನ್ನು ನೀನು ಹಿಡಿದದ್ದು ಒಳ್ಳೆಯದೇ ಆಯಿತು.

ಈಗ ಏನು ಮಾಡಲಿ, ಹೇಳು.

ಡಾರ್ಕಸ್

*

ಡರಮ್
31 ಮೇ 1959

ಅಕ್ಕ,

ಕ್ಯಾಲೆಂಡರ್ ತೆಗೆದು ನೋಡಿದೆ. ಐದೂ ಭಾನುವಾರ. ನೀನು ದಿನಾ ನೋಡುತ್ತೀಯ, ಒಡೆದದ್ದು ಮಾತ್ರ ಭಾನುವಾರ ಬೆಳಗ್ಗೆ. ಶನಿವಾರ ಹಾಬ್‌ಡೇ ಒಲೆ ಹಚ್ಚುತ್ತಾನೆ. ಗೋಡೆ ತಾನಾಗಿ ಅಲ್ಲಾಡುತ್ತಿಲ್ಲ, ಹೊಗೆಕೊಳವೆಯ ಬಿಸಿ ಅಲ್ಲಾಡಿಸುತ್ತಿದೆ. ಬಿರುಕು ಎಲ್ಲಿದೆಯೆಂದು ನೀನು ಜನವರಿಯಲ್ಲಿ ಬರೆದಾಗಲೇ ನನಗೆ ಗೊತ್ತಾಗಿತ್ತು. ಗಾಜು ಭದ್ರ ಎಂದು ನೀನು ಬರೆದಿದ್ದೆ, ನಾನು ಅದನ್ನೇ ಹಿಡಿದುಕೊಂಡು ಸುಮ್ಮನಾದೆ. ನೀನು ಒಂದು ಸುಳ್ಳು ಹೇಳಿದೆ, ನನಗೆ ಆ ಸುಳ್ಳು ಬೇಕಾಗಿತ್ತು.

ಇನ್ನು ಕೇಳು. 1931ರಲ್ಲಿ ಆ ಒಲೆ ಬಂತು. ಹೊಗೆಕೊಳವೆಯನ್ನು ಹೊರಗಿನಿಂದ ಏರಿಸೋಣ ಎಂದು ಅಪ್ಪ ಹೇಳಿದರು. "ಛೆ ಛೆ, ಹಳೇ ಚರ್ಚಿನ ಮೈಮೇಲೆ ತಗಡಿನ ಕೊಳವೆಯೇ? ಕಂಡವರು ಏನಂದಾರು?" ಎಂದು ಆಗಿನ ಪಾದ್ರಿ, ಅವರ ಹೆಂಡತಿ, ಹೂ ಜೋಡಿಸುವ ಹೆಂಗಸರು ಎಲ್ಲ ಹಾರಾಡಿದರು. ಒಳಗೋಡೆಯಲ್ಲಿ ಕಾಲುವೆ ಕೊರೆದು ಕೊಳವೆ ಮುಚ್ಚಬೇಕೆಂದಾಯಿತು. ಅಪ್ಪ ಗೆರೆ ಎಳೆದುಕೊಟ್ಟು, "ಹಿಡಿಗಲ್ಲು ಬಂದ ಕಡೆ ಬಳಸ್ಕೊಂಡು ಹೋಗು, ಕಡೀಬೇಡ" ಎಂದು ಹೇಳಿ ಜ್ವರ ಬಂದು ಮಲಗಿದರು.

ನನಗೆ ಆಗ ಇಪ್ಪತ್ತನಾಲ್ಕು. ಉಳಿ ಹಿಡಿದರೆ ನನ್ನ ಸಮ ಇಲ್ಲ ಎನ್ನುವ ಜಂಬ. ಬಳಸಿ ಹೋದರೆ ಎರಡು ವಾರ, ನೇರ ಹೋದರೆ ಐದು ದಿನ. ನೇರ ಹೋದೆ. ನಾಲ್ಕು ಹಿಡಿಗಲ್ಲನ್ನು ಕಡಿದೆ ಅಕ್ಕ. ಏಳುನೂರು ವರ್ಷ ಗೋಡೆ ಹಿಡಿದುಕೊಂಡಿದ್ದ ನಾಲ್ಕು ಕಲ್ಲು. ಮೇಲೆ ಗಾರೆ ಮೆತ್ತಿ ನುಣ್ಣಗೆ ಮಾಡಿದೆ. ಅಪ್ಪ ಎದ್ದು ಬಂದು ಅಂಗೈಯಲ್ಲಿ ಸವರಿ ನೋಡಿ, "ನನಗಿಂತ ಚೆನ್ನಾಗಿ ಮಾಡಿದ್ದೀಯ ಕಣೋ" ಅಂದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಆ ವರ್ಷವೇ ಊರು ಬಿಟ್ಟೆ. ಆ ಗೋಡೆಯ ಮುಂದೆ ನಿಲ್ಲಲಾಗದೆ ಬಿಟ್ಟೆ. ನಿಮ್ಮ ಚರ್ಚು ಚಿಕ್ಕದೆಂದು ಅಲ್ಲ.

ಪ್ರೂವೆಟ್ ಅವರಿಗೆ ಇದೇ ಟಪಾಲಿನಲ್ಲಿ ಎಲ್ಲವನ್ನೂ ಬರೆದಿದ್ದೇನೆ. ನಿನ್ನ ಗಾಜಿನ ವಿಷಯ ಮಾತ್ರ ಬರೆದಿಲ್ಲ. ಅದನ್ನು ನೀನೇ ಹೇಳಬೇಕು, ಡಬ್ಬಿಯ ಸಮೇತ.

ಆಂಬ್ರೋಸ್

*

ಎಲ್ಡರ್‌ಥಾರ್ಪ್
5 ಜುಲೈ 1959

ಆಂಬ್ರೋಸ್,

ನಿನ್ನ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಇಪ್ಪತ್ತೆಂಟು ವರ್ಷ ನಿನ್ನನ್ನು ಜಂಬಗಾರ ಎಂದುಕೊಂಡೇ ಬಂದೆ. ಜಂಬಗಾರನೇ ಹೌದು, ಆದರೆ ನಾನು ಅಂದುಕೊಂಡ ಜಂಬ ಅದಲ್ಲ.

ನಾಲ್ಕನೆಯ ದಿನ ಡಬ್ಬಿ ತೆಗೆದುಕೊಂಡು ಪಾದ್ರಿ ಆನ್‌ಸ್ಟಿ ಹತ್ತಿರ ಹೋದೆ. ಚರ್ಚಿನ ಮೇಲ್ವಿಚಾರಣೆಗೆ ರಾಜೀನಾಮೆಯನ್ನೂ ಬರೆದುಕೊಂಡು ಹೋಗಿದ್ದೆ. ಅವರು ಡಬ್ಬಿ ನೋಡಿ, "ಸುಳ್ಳು ಹೇಳೋರು ಸಾಕ್ಷಿ ಇಟ್ಕೊಳ್ಳೋದನ್ನ ನಾನು ಇದೇ ಮೊದಲು ನೋಡ್ತಿರೋದು" ಎಂದು ರಾಜೀನಾಮೆ ಹರಿದು ಹಾಕಿದರು. ಪ್ರೂವೆಟ್ ಗುರುವಾರ ಬಂದರು. ಹಾಬ್‌ಡೇ ಕೊಳವೆಯ ಮೇಲಿನ ಗಾರೆ ಒಡೆದ. ನಾನು ದೀಪ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಈಗ ಬರೆಯುವುದನ್ನು ನಿಧಾನವಾಗಿ ಓದು.

ನೀನು ಕಡಿದ ನಾಲ್ಕೂ ಕಲ್ಲು ಸಿಕ್ಕವು. ನಾಲ್ಕಕ್ಕೂ ಕಬ್ಬಿಣದ ಪಟ್ಟಿ ಬಡಿದಿದೆ. ಈ ತುಂಡಿಗೂ ಆ ತುಂಡಿಗೂ ಹೊಲಿಗೆ ಹಾಕಿದ ಹಾಗೆ, ಕೊಳವೆಯ ಹಿಂದಿನಿಂದ ಹಾಯಿಸಿ, ತುದಿ ಬಗ್ಗಿಸಿ ಕಲ್ಲಿನೊಳಗೆ ಕೂರಿಸಿದೆ. ಪ್ರತಿ ಪಟ್ಟಿಯ ಮೇಲೂ ಜೆ.ಟಿ. ಎಂದು ಮೊಳೆಯಿಂದ ಕುಟ್ಟಿದ ಗುರುತು. ಜೋಸಯ್ಯ ಟೆಬ್ಬಟ್, ನಮ್ಮ ಅಪ್ಪನ ಗುರುತು. ಅವರ ಹಾರೆ, ಬಕೆಟ್ಟು, ಊಟದ ಡಬ್ಬಿ ಎಲ್ಲದರ ಮೇಲೂ ಇದ್ದದ್ದೇ ಅದು.

ಅಪ್ಪನಿಗೆ ಗೊತ್ತಾಗಿತ್ತು ಆಂಬ್ರೋಸ್. ನೀನು ಹೋದ ಮರುವರ್ಷ ವಸಂತದಲ್ಲಿ ದಿನಾ ಕೆಲಸ ಮುಗಿಸಿ ಚರ್ಚಿಗೆ ಹೋಗುತ್ತಿದ್ದರು. "ಕೊಳವೆ ಹೊಗೆ ಕಾರ್ತಿದೆ, ಸರಿ ಮಾಡ್ಬೇಕು" ಅನ್ನುತ್ತಿದ್ದರು. ನಾನೇ ಚಹಾ ತೆಗೆದುಕೊಂಡು ಹೋಗುತ್ತಿದ್ದೆ. ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದರು, ಒಳಗೆ ಬಿಡುತ್ತಿರಲಿಲ್ಲ. ಒಬ್ಬರೇ ಗಾರೆ ಒಡೆದು, ಒಬ್ಬರೇ ಪಟ್ಟಿ ಬಡಿದು, ಯಾರಿಗೂ ಗೊತ್ತಾಗದ ಹಾಗೆ ಮತ್ತೆ ನುಣ್ಣಗೆ ಮೆತ್ತಿದ್ದಾರೆ. ಸಾಯುವ ತನಕ ಒಂದು ಮಾತೂ ಆಡಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸಾಕಾಗಿದೆ. ಕಬ್ಬಿಣಕ್ಕೆ ತೇವ ತಾಗದಿರಲೆಂದು ಸುತ್ತಲೂ ಸೀಸ ಸುರಿಯಬೇಕಿತ್ತು, ಪಟ್ಟಿಗೆ ಸುರಿದಿರಲಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲವೇ? ಸೀಸ ಕಾಯಿಸಲು ಕುಲುಮೆ ಹಚ್ಚಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕೊಳವೆಯ ಬಿಸಿಗೂ ತೇವಕ್ಕೂ ಕಬ್ಬಿಣ ತುಕ್ಕು ಹಿಡಿದು ಎರಡರಷ್ಟು ದಪ್ಪವಾಗಿದೆ. ಶನಿವಾರ ಬಿಸಿಯಾಗಿ ಮತ್ತಷ್ಟು ಹಿಗ್ಗುತ್ತದೆ. ಕಲ್ಲನ್ನು ಸೀಳುತ್ತಿರುವುದು ಅದೇ.

ಪ್ರೂವೆಟ್ ಪಟ್ಟಿಯ ಮೇಲೆ ಬೆರಳಾಡಿಸಿ, "ಒಬ್ಬ ಕಡಿದು ಮುಚ್ಚಿದ, ಒಬ್ಬರು ಕಟ್ಟಿ ಮುಚ್ಚಿದ್ರು, ನೀವು ಗಾಜು ಹಾಕಿ ಮುಚ್ಚಿದ್ರಿ. ಟೆಬ್ಬಟ್ ಮನೆಯವರ ಪ್ರೀತಿ ತಡ್ಕೊಂಡು ನಿಂತಿದೆ ಅಂದ್ರೆ ಈ ಗೋಪುರ ಗಟ್ಟಿನೇ ಇರ್ಬೇಕು" ಅಂದರು. ಹಾಬ್‌ಡೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅತ್ತುಬಿಟ್ಟೆ.

ಪಟ್ಟಿ ತೆಗೆದು ಓಕ್ ಮರದ ಆನಿಕೆ ಕೊಟ್ಟಿದ್ದಾರೆ. ಒಲೆ ಬಂದ್. ಅಕ್ಟೋಬರಿನಿಂದ ಹೊಸ ಗಾಜು, ಒಂದು ಪೂರ್ತಿ ಚಳಿಗಾಲ. ಬೀಗದಕೈ ಪಾದ್ರಿಯ ಹತ್ತಿರ. ಒಂದು ಒಡೆದರೂ ಶಿಖರ ಹೋಗುತ್ತದೆ. ಈ ಸಲ ನನಗೆ ಭಯವಿಲ್ಲ.

ಡಾರ್ಕಸ್

*

ಡರಮ್
12 ಜುಲೈ 1959

ಅಕ್ಕ,

ಕೆಲಸದ ಕೊಟ್ಟಿಗೆಯಲ್ಲಿ ಓದಿದೆ. ಹುಡುಗರೆಲ್ಲ ನೋಡುತ್ತಿದ್ದರು, ಆದರೂ ಅಳು ತಡೆಯಲಾಗಲಿಲ್ಲ.

ಹೊಗಳಿದ ಆ ದಿನವೇ ಅಪ್ಪನಿಗೆ ಗೊತ್ತಿತ್ತೋ, ಆಮೇಲೆ ಗೊತ್ತಾಯಿತೋ? ಒಂದು ಮಾತು ಕೇಳಿದ್ದರೆ ಅಂದೇ ಕಾಲಿಗೆ ಬೀಳುತ್ತಿದ್ದೆ. ಅವರು ನನಗೆ ಹೇಳಲಿಲ್ಲ, ನಾನು ಅವರಿಗೆ ಹೇಳಲಿಲ್ಲ, ಗೋಡೆ ಅನುಭವಿಸಿತು.

ಇನ್ನೇನೂ ಬರೆಯಲಾರೆ.

ಆಂಬ್ರೋಸ್

*

ಎಲ್ಡರ್‌ಥಾರ್ಪ್
17 ಜನವರಿ 1960

ಪ್ರೀತಿಯ ಆಂಬ್ರೋಸ್,

ಆರು ತಿಂಗಳಿಂದ ನಿನ್ನ ಕಾಗದವಿಲ್ಲ. ಇರಲಿ, ನಾನೇ ಬರೆಯುತ್ತೇನೆ.

ಚರ್ಚಿನೊಳಗೆ ಜ್ಞಾನಸ್ನಾನದ ತೊಟ್ಟಿಯ ನೀರು ಹೆಪ್ಪುಗಟ್ಟಿದೆ. ಕಂಬಳಿ ಹೊದ್ದು, ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಡಿ ಇಟ್ಟುಕೊಂಡು ಕೂರುತ್ತೇವೆ. ಹೋದ ಭಾನುವಾರ ಹತ್ತೊಂಬತ್ತು ಜನ. ಉಳಿದವರು ಮೆಥಡಿಸ್ಟರ ಕೊಳವೆಯ ಮೇಲೆ ಕಾಲಿಟ್ಟುಕೊಂಡು ದೇವರನ್ನು ನೆನೆಯುತ್ತಿದ್ದಾರೆ. "ಇನ್ನೆರಡು ವಾರ ಹೀಗೇ ಆದ್ರೆ ನಾನೂ ಆ ಕಡೆಯೇ ಹೋಗ್ತೀನಿ ಡಾರ್ಕಸಮ್ಮ" ಅಂದರು ಪಾದ್ರಿ. ತಮಾಷೆಗೇ ಅಂದದ್ದು, ಆದರೆ ಅವರ ಮೂಗು ಕೆಂಪಾಗಿತ್ತು.

ಗಾಜನ್ನು ಅವರ ಜೊತೆಗೇ ಹೋಗಿ ನೋಡುತ್ತೇನೆ, ಕೈ ಹಿಂದೆ ಕಟ್ಟಿಕೊಂಡು. ಮೂರೂ ಕೊಳಕು ಹಿಡಿದು ಕರ್ರಗಾಗಿವೆ. ನಡುವಿನದಕ್ಕೆ ಜೇಡ ಬಲೆ ಕಟ್ಟಿದೆ. ಇಷ್ಟು ಕೊಳೆ ನೋಡಿ ಇಷ್ಟು ಖುಷಿಪಟ್ಟದ್ದು ಜೀವಮಾನದಲ್ಲೇ ಇಲ್ಲ. ಒಡೆದಿಲ್ಲ ಆಂಬ್ರೋಸ್. ಈ ಸಲ ನಂಬು.

ಡಾರ್ಕಸ್

*

ಎಲ್ಡರ್‌ಥಾರ್ಪ್
24 ಏಪ್ರಿಲ್ 1960

ಪ್ರೀತಿಯ ಆಂಬ್ರೋಸ್,

ಶಿಖರ ಉಳಿಯಿತು!

ಪ್ರೂವೆಟ್ ನಿನ್ನೆ ಬಂದು ಮೂರು ಗಾಜನ್ನೂ ಭೂತಗನ್ನಡಿ ಹಿಡಿದು ನೋಡಿದರು, ತೂಗುಗುಂಡು ಬಿಟ್ಟರು, ಮತ್ತೆ ನೋಡಿದರು. ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಗೋಪುರದ ಕೆಳಗೇ ನಿಂತು ಟೋಪಿ ತೆಗೆದರು. ನನಗೆ ತೆಗೆದರೋ ಗೋಪುರಕ್ಕೋ ಗೊತ್ತಿಲ್ಲ, ನಾನಂತೂ ತಲೆಬಾಗಿದೆ. ಗೋಡೆ ಕಟ್ಟಿ ಮುಗಿದ ದಿನ ಗಂಟೆ ಬಾರಿಸಬಹುದಂತೆ. ಐದೂ.

ಹೊಸ ಒಲೆಗೆ ಕೊಳವೆ ಹೊರಗಿನಿಂದಲೇ ಹೋಗುತ್ತದೆ, ದಕ್ಷಿಣದ ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ರಾಚುವ ಹಾಗೆ. ಹೂ ಜೋಡಿಸುವ ಹೆಂಗಸರು ಈಗಲೂ ಮೂಗು ಮುರಿದರು. "ಕಂಡವರು ಏನಾದ್ರೂ ಅಂದ್ರೆ ನನ್ನ ಹತ್ರ ಕಳಿಸಿ" ಅಂದೆ.

ಹೋದ ತಿಂಗಳೇ ಹಳೆಯ ಕಲ್ಲುಗಣಿಯನ್ನು ತೆಗೆಸಿ ನಾಲ್ಕು ಹಿಡಿಗಲ್ಲು ತಂದು ಅಂಗಳದಲ್ಲಿ ಇಳಿಸಿದ್ದಾರೆ. ಒಂದೊಂದೂ ನನ್ನ ಎತ್ತರ ಇದೆ. ಕೆಲಸ ಯಾರಿಗೆ ಕೊಡೋಣವೆಂದು ನಿನ್ನೆ ಸಂಜೆಯೇ ಸಭೆ ಸೇರಿತು. ಪ್ರೂವೆಟ್ ಮೂವರ ಹೆಸರು ಹೇಳಿದರು, ಮೂವರೂ ಒಳ್ಳೆಯ ಕೆಲಸಗಾರರೇ. ನಾನು ಎದ್ದು ನಿಂತು, "ಕಡಿದೋನಿಗೇ ಕೊಡಿ. ಅಷ್ಟು ಹುಷಾರಾಗಿ ಇನ್ಯಾರೂ ಕೂರ್ಸಲ್ಲ" ಅಂದೆ. ಒಂದಿಬ್ಬರು ಗೊಣಗಿದರು. ಹಾಬ್‌ಡೇಗೆ ಸಭೆಯಲ್ಲಿ ಮಾತಾಡುವ ಹಕ್ಕಿಲ್ಲ, ಆದರೂ ಬಾಗಿಲಲ್ಲಿ ನಿಂತು "ಜೋಸಯ್ಯ ಟೆಬ್ಬಟ್ಟನ ಮಗ ಅಲ್ವೇನ್ರೀ, ಬರ್ಲಿ ಬಿಡಿ" ಎಂದು ಕೂಗಿದ. ಕೈ ಎತ್ತಿಸಿದರು. ಹನ್ನೊಂದಕ್ಕೆ ಎರಡು.

ಆ ಎರಡು ಕೈ ಯಾರದ್ದೆಂದು ನನಗೆ ಗೊತ್ತು, ನಿನಗೆ ಹೇಳುವುದಿಲ್ಲ. ದಿನಾ ಬೆಳಗ್ಗೆ ಅವರಿಗೆ ನಮಸ್ಕಾರ ಹೇಳಿ ಕೆಲಸಕ್ಕೆ ಹೋಗು.

ಬರಲಾಗುವುದಿಲ್ಲ ಎಂದು ಬರೆಯಬೇಡ. ಅಪ್ಪನನ್ನು ಕೇಳಬೇಕಾದದ್ದನ್ನು ಇನ್ನು ಕೇಳಲಾಗುವುದಿಲ್ಲ. ಅದು ನನಗೂ ನೋವೇ. ಆದರೆ ಅಕ್ಕ ಬದುಕಿದ್ದಾಳೆ, ಅವಳಿಗೆ ಹೇಳುವುದೂ ಬೇಕಾದಷ್ಟಿದೆ, ಕೇಳುವುದೂ ಬೇಕಾದಷ್ಟಿದೆ.

ಮಹಡಿಯ ಕೋಣೆಯಲ್ಲಿ ಹಾಸಿಗೆ ಹಾಕಿದ್ದೇನೆ. ಬಂದ ದಿನ ಮೊದಲು ಊಟ, ಆಮೇಲೆ ಬೈಗುಳ, ಮರುದಿನದಿಂದ ಗೋಡೆ. ಇಪ್ಪತ್ತೊಂಬತ್ತು ವರ್ಷದ ಬೈಗುಳ ಬಾಕಿ ಇದೆ ತಮ್ಮಾ, ಉದ್ದನೆಯ ರಜೆ ಹಾಕಿಕೊಂಡು ಬಾ.

ನಿನ್ನ ಅಕ್ಕ
ಡಾರ್ಕಸ್